ಗಡಿರೇಖೆ ಮತ್ತು ಅಪಾಚೆ ಪ್ರತಿರೋಧ: ಅಮೆರಿಕ–ಮೆಕ್ಸಿಕೊ ಗಡಿಯಲ್ಲಿ ಮೂಲನಿವಾಸಿಗಳ ಹೋರಾಟ ಮತ್ತು ಸೇನಾ ಕಾರ್ಯಾಚರಣೆಗಳು

ಎರಡು ರಾಷ್ಟ್ರಗಳ ನಡುವಣ ಗಡಿರೇಖೆಯು ಆ ರಾಷ್ಟ್ರಗಳ ಪರಸ್ಪರ ಸಂಬಂಧವನ್ನು ನಿರ್ಣಯಿಸುವ ಸಾಧನವೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಆ ರೇಖೆಯನ್ನು ಎಳೆಯುವ ಮೊದಲೇ ಅಲ್ಲಿ ನೆಲೆಸಿದ್ದ ಜನರಿಗೂ ಆ ರೇಖೆಗೂ ಇರುವ ಸಂಬಂಧ ಬೇರೆಯದೇ ಆಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಮೆಕ್ಸಿಕೊ ದೇಶಗಳ ನಡುವಣ ಗಡಿಯಲ್ಲಿ 1848ರಿಂದ 1886ರವರೆಗೆ ನಡೆದ ಅಪಾಚೆ ಯುದ್ಧಗಳು ಇದಕ್ಕೆ ಸ್ಪಷ್ಟ ನಿದರ್ಶನ. ಈ ಯುದ್ಧಗಳ ಕುರಿತ ಬಹುಪಾಲು ಬರವಣಿಗೆಯು ಗಡಿಯನ್ನು ಅಪಾಚೆಗಳ ಆಶ್ರಯವೆಂದು ಬಣ್ಣಿಸುತ್ತದೆ. ಒಂದು ದೇಶದಲ್ಲಿ ದಾಳಿ ನಡೆಸಿ ಮತ್ತೊಂದು ದೇಶಕ್ಕೆ ಓಡಿಹೋಗುವ ಅವಕಾಶವೇ ಅವರ ಪ್ರತಿರೋಧವನ್ನು ಅಷ್ಟು ಕಾಲ ಉಳಿಸಿತೆಂಬುದು ಅದರ ವಾದ. ಈ ವಾದದಲ್ಲಿ ಸತ್ಯಾಂಶವಿದೆ. ಆದರೆ ಅದು ಅರ್ಧಸತ್ಯ. ಅದೇ ಗಡಿಯು ಎರಡು ಸರ್ಕಾರಗಳ ಕೈಯಲ್ಲಿ ಹೇಗೆ ಕ್ರಮೇಣ ಒಂದು ಬಲೆಯಾಗಿ ಪರಿವರ್ತನೆಗೊಂಡಿತು ಮತ್ತು ಆ ಪರಿವರ್ತನೆಯಲ್ಲಿ ಒಪ್ಪಂದಪತ್ರಗಳ ಪಾತ್ರವೇನು ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲಾಗಿದೆ.

ಜನ ಮತ್ತು ನೆಲೆ

ಅಪಾಚೆ ಎಂಬುದು ಹೊರಗಿನವರು ಕೊಟ್ಟ ಹೆಸರು. ಅಥಾಬಾಸ್ಕನ್ ಭಾಷಾವರ್ಗಕ್ಕೆ ಸೇರಿದ ನುಡಿಗಳನ್ನಾಡುವ ಈ ಜನರು ತಮ್ಮನ್ನು 'ಎನ್‌ಡೆ', ಅಂದರೆ 'ಜನ' ಎಂದು ಕರೆದುಕೊಳ್ಳುತ್ತಾರೆ. ಅವರಲ್ಲಿ ಗಡಿಯ ಇತಿಹಾಸಕ್ಕೆ ಹೆಚ್ಚು ಸಂಬಂಧಿಸಿದವರು ಚಿರಿಕಾಹುವಾ ಅಪಾಚೆಗಳು. ಚೊಕೊನೆನ್, ಚಿಹೆನ್ನೆ, ಬೆದೊಂಕೊಹೆ ಮತ್ತು ನೆದ್ನಿ ಎಂಬ ನಾಲ್ಕು ಗುಂಪುಗಳಾಗಿ ಅವರು ಇಂದಿನ ಅರಿಜೋನಾದ ಆಗ್ನೇಯ ಭಾಗ, ನ್ಯೂ ಮೆಕ್ಸಿಕೊದ ನೈಋತ್ಯ ಭಾಗ ಹಾಗೂ ಮೆಕ್ಸಿಕೊದ ಸೊನೋರಾ ಮತ್ತು ಚಿವಾವಾ ಪ್ರಾಂತ್ಯಗಳ ಸಿಯೆರಾ ಮಾದ್ರೆ ಪರ್ವತಶ್ರೇಣಿಯಲ್ಲಿ ಹರಡಿಕೊಂಡಿದ್ದರು. ಇಡೀ ಜನಾಂಗಕ್ಕೆ ಒಬ್ಬನೇ ಅರಸನಿರಲಿಲ್ಲ. ಪ್ರತಿಯೊಂದು ಗುಂಪಿನ ಮುಖಂಡನ ಅಧಿಕಾರವೂ ಅವನ ಮಾತಿಗಿದ್ದ ಮನ್ನಣೆಯನ್ನು ಅವಲಂಬಿಸಿತ್ತು. ಒಬ್ಬ ಮುಖಂಡನೊಡನೆ ಮಾಡಿಕೊಂಡ ಒಪ್ಪಂದವು ಇಡೀ ಜನಾಂಗವನ್ನು ಬಂಧಿಸುತ್ತದೆಂದು ಸರ್ಕಾರಗಳು ಭಾವಿಸಿದ್ದು ಮುಂದಿನ ಅನೇಕ ಘರ್ಷಣೆಗಳಿಗೆ ಮೂಲವಾಯಿತು.

ಬೇಟೆ, ಕಾಡಿನ ಉತ್ಪನ್ನಗಳ ಸಂಗ್ರಹ, ಅಲ್ಪ ಪ್ರಮಾಣದ ಬೇಸಾಯ ಮತ್ತು ದಾಳಿ ಇವು ಅವರ ಜೀವನಾಧಾರಗಳಾಗಿದ್ದವು. ದಾಳಿ ಮತ್ತು ಯುದ್ಧಗಳನ್ನು ಅಪಾಚೆಗಳು ಒಂದೇ ಎಂದು ಭಾವಿಸಿರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ದಾಳಿಯ ಉದ್ದೇಶ ಕುದುರೆ, ದನಕರುಗಳನ್ನು ಸದ್ದಿಲ್ಲದೆ ಹೊಡೆದುಕೊಂಡು ಬರುವುದು. ಅದು ಸಣ್ಣ ತಂಡದ ಕೆಲಸ. ಯುದ್ಧವಾದರೋ ಸತ್ತ ಬಂಧುಗಳ ಪರವಾಗಿ ಸೇಡು ತೀರಿಸುವುದಕ್ಕಾಗಿ ಬಂಧುಬಳಗವೆಲ್ಲ ಕೂಡಿ ಕೈಗೊಳ್ಳುವ ಕಾರ್ಯ. ಸರ್ಕಾರಿ ದಾಖಲೆಗಳಲ್ಲಿ ಈ ವ್ಯತ್ಯಾಸ ಕಾಣಸಿಗುವುದಿಲ್ಲ. ಅಲ್ಲಿ ಎರಡೂ 'ಲೂಟಿ' ಎಂಬ ಒಂದೇ ಪದದಲ್ಲಿ ಅಡಗಿಹೋಗಿವೆ.

ಸ್ಪೇನಿನ ಆಡಳಿತವು 18ನೆಯ ಶತಮಾನದ ಕೊನೆಯಲ್ಲಿ ಈ ಸಮಸ್ಯೆಗೆ ಒಂದು ಪರಿಹಾರವನ್ನು ಕಂಡುಕೊಂಡಿತ್ತು. 1786ರಲ್ಲಿ ವೈಸ್‌ರಾಯ್ ಬೆರ್ನಾರ್ದೊ ದೆ ಗಾಲ್ವೆಸ್ ಹೊರಡಿಸಿದ ಸೂಚನೆಗಳಂತೆ, ಕೋಟೆಗಳ ಸಮೀಪ ನೆಲೆಸಲು ಒಪ್ಪಿದ ಅಪಾಚೆಗಳಿಗೆ ಜೋಳ, ಮಾಂಸ, ತಂಬಾಕು ಮೊದಲಾದ ಪಡಿತರವನ್ನು ಕೊಡಲಾಗುತ್ತಿತ್ತು; ಒಪ್ಪದವರ ಮೇಲೆ ಯುದ್ಧ ಮುಂದುವರಿಯುತ್ತಿತ್ತು. ಈ ವ್ಯವಸ್ಥೆ ಹಲವು ದಶಕಗಳ ಕಾಲ ಒಂದು ಬಗೆಯ ಶಾಂತಿಯನ್ನು ತಂದಿತು. 1821ರಲ್ಲಿ ಸ್ವತಂತ್ರವಾದ ಮೆಕ್ಸಿಕೊದ ಬರಿದಾದ ಬೊಕ್ಕಸಕ್ಕೆ ಇದನ್ನು ನಡೆಸುವ ಶಕ್ತಿ ಇರಲಿಲ್ಲ. 1831ರ ವೇಳೆಗೆ ಪಡಿತರ ನಿಂತಿತು. ದಾಳಿಗಳು ಮತ್ತೆ ಆರಂಭವಾದವು. 1835ರಲ್ಲಿ ಸೊನೋರಾ ಸರ್ಕಾರವು ಅಪಾಚೆ ಗಂಡಸಿನ ನೆತ್ತಿಯ ಚರ್ಮವೊಂದಕ್ಕೆ 100 ಪೆಸೊ ಬಹುಮಾನವನ್ನು ಘೋಷಿಸಿತು. ಚಿವಾವಾ ಕೂಡ ಸ್ವಲ್ಪ ಕಾಲದಲ್ಲೇ ಅದೇ ದಾರಿಯನ್ನು ಹಿಡಿಯಿತು. 1837ರ ಏಪ್ರಿಲ್‌ನಲ್ಲಿ ಜಾನ್ ಜಾನ್ಸನ್ ಎಂಬ ಅಮೆರಿಕನ್ ವ್ಯಾಪಾರಿಯು ಸೊನೋರಾದ ಅಧಿಕಾರಿಗಳ ಸಮ್ಮತಿಯೊಡನೆ ಹೊರಟು, ವ್ಯಾಪಾರದ ನೆಪದಲ್ಲಿ ಜೊತೆಗೂಡಿದ ಅಪಾಚೆಗಳ ಮೇಲೆ ಫಿರಂಗಿ ಹಾರಿಸಿ ಮುಖಂಡ ಹುವಾನ್ ಹೋಸೆ ಕೊಂಪಾನನ್ನೂ ಅವನ ಸಂಗಡಿಗರನ್ನೂ ಕೊಂದನು. ಕೂದಲನ್ನು ನೋಡಿ ಅದು ಯಾವ ಬುಡಕಟ್ಟಿನವರದೆಂದು ಹೇಳುವುದು ಸಾಧ್ಯವಿಲ್ಲವಾದ್ದರಿಂದ, ನೆತ್ತಿಯ ವ್ಯಾಪಾರವು ಶಾಂತಿಯಿಂದಿದ್ದವರನ್ನೂ ಬಲಿ ತೆಗೆದುಕೊಂಡಿತು.

1848ರ ರೇಖೆ ಮತ್ತು ಹನ್ನೊಂದನೆಯ ವಿಧಿ

1846–48ರ ಯುದ್ಧದಲ್ಲಿ ಸೋತ ಮೆಕ್ಸಿಕೊ 1848ರ ಫೆಬ್ರವರಿ 2ರಂದು ಗ್ವಾದಲೂಪೆ ಹಿದಾಲ್ಗೊ ಒಪ್ಪಂದಕ್ಕೆ ಸಹಿ ಹಾಕಿತು. ಈ ಒಪ್ಪಂದದ 11ನೆಯ ವಿಧಿಯು ಮೂಲನಿವಾಸಿಗಳ ಇತಿಹಾಸಕ್ಕೆ ಮಹತ್ವದ್ದಾಗಿದೆ. ಅಮೆರಿಕಕ್ಕೆ ಸೇರಿದ ಪ್ರದೇಶದಿಂದ ಮೆಕ್ಸಿಕೊದೊಳಕ್ಕೆ ಮೂಲನಿವಾಸಿಗಳು ನಡೆಸುವ ದಾಳಿಗಳನ್ನು ಅಮೆರಿಕ ಸರ್ಕಾರ ಬಲಪ್ರಯೋಗದಿಂದ ತಡೆಯಬೇಕು. ಮೆಕ್ಸಿಕೊದಲ್ಲಿ ಸೆರೆಹಿಡಿಯಲ್ಪಟ್ಟವರನ್ನಾಗಲಿ ಕದ್ದ ಸೊತ್ತನ್ನಾಗಲಿ ಅಮೆರಿಕದ ನಿವಾಸಿಗಳು ಕೊಳ್ಳಕೂಡದು. ಸೆರೆಯಾದವರು ಸಿಕ್ಕಿದರೆ ಅವರನ್ನು ಬಿಡಿಸಿ ಮೆಕ್ಸಿಕೊಗೆ ಒಪ್ಪಿಸಬೇಕು ಎಂಬುದು ಅದರ ಸಾರಾಂಶ. ಯಾರನ್ನು ತಡೆಯಬೇಕೋ ಅವರ ಅಭಿಪ್ರಾಯವನ್ನು ಈ ಒಪ್ಪಂದದ ಯಾವ ಹಂತದಲ್ಲಿಯೂ ಕೇಳಲಿಲ್ಲ.

ಈ ವಿಧಿ ಕಾರ್ಯರೂಪಕ್ಕೆ ಬಂದಾಗ ಏನಾಯಿತೆಂಬುದಕ್ಕೆ 1851ರ ಒಂದು ಪ್ರಸಂಗ ಸಾಕ್ಷಿಯಾಗಿದೆ. ಗಡಿಯನ್ನು ಗುರುತಿಸಲು ನೇಮಕಗೊಂಡಿದ್ದ ಅಮೆರಿಕದ ಕಮಿಷನರ್ ಜಾನ್ ರಸೆಲ್ ಬಾರ್ಟ್‌ಲೆಟ್ ಸಾಂತಾ ರೀತಾ ತಾಮ್ರದ ಗಣಿಯ ಬಳಿ ಬೀಡುಬಿಟ್ಟಿದ್ದಾಗ, ಅಪಾಚೆಗಳ ಸೆರೆಯಲ್ಲಿದ್ದ ಇಬ್ಬರು ಮೆಕ್ಸಿಕನ್ ಬಾಲಕರು ಆ ಬೀಡಿಗೆ ಓಡಿಬಂದರು. ಬಾರ್ಟ್‌ಲೆಟ್ 11ನೆಯ ವಿಧಿಯಂತೆ ಅವರನ್ನು ಮೆಕ್ಸಿಕನ್ ಅಧಿಕಾರಿಗಳಿಗೆ ಒಪ್ಪಿಸಿದನು. ಮಾಂಗಸ್ ಕೊಲೊರಾಡಸ್ ಮೊದಲಾದ ಮುಖಂಡರು ಬಂದು ಆಕ್ಷೇಪಿಸಿದರು. ಮೆಕ್ಸಿಕೊದೊಡನೆ ತಾವು ಯುದ್ಧದಲ್ಲಿರುವುದಾಗಿಯೂ, ಅಮೆರಿಕನ್ನರೂ ನಿನ್ನೆಮೊನ್ನೆಯವರೆಗೆ ಅದೇ ಶತ್ರುವಿನೊಡನೆ ಹೋರಾಡಿದವರೆಂದೂ, ಸ್ನೇಹಿತರಾಗಿ ಬಂದವರು ತಮ್ಮ ಸೆರೆಯಾಳುಗಳನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲವೆಂದೂ ಅವರ ವಾದವಾಗಿತ್ತು. ಕೊನೆಗೆ ಸರಕುಗಳ ರೂಪದಲ್ಲಿ ಪರಿಹಾರ ಕೊಟ್ಟು ಆ ವ್ಯಾಜ್ಯವನ್ನು ಮುಗಿಸಲಾಯಿತು. ಕೆಲವೇ ದಿನಗಳ ನಂತರ ಕಮಿಷನ್ನಿನ ಕೆಲಸಗಾರನೊಬ್ಬನು ಜಗಳದಲ್ಲಿ ಒಬ್ಬ ಅಪಾಚೆಯನ್ನು ಗುಂಡಿಟ್ಟು ಕೊಂದನು. ಸತ್ತವನ ತಾಯಿ ನ್ಯಾಯ ಕೇಳಿದಾಗ, ಆರೋಪಿಯನ್ನು ಸಾಂತಾ ಫೆಗೆ ಕಳುಹಿಸಿ ವಿಚಾರಣೆಗೆ ಒಳಪಡಿಸುವುದಾಗಿ ಬಾರ್ಟ್‌ಲೆಟ್ ತಿಳಿಸಿದನು. ಕೊಲೆ ನಡೆದ ಸ್ಥಳದಲ್ಲಿಯೇ, ಸತ್ತವನ ಬಂಧುಗಳ ಕಣ್ಣೆದುರಿನಲ್ಲಿಯೇ ನ್ಯಾಯ ದೊರೆಯಬೇಕೆಂಬ ಅಪಾಚೆಗಳ ಬೇಡಿಕೆಗೆ ಮನ್ನಣೆ ಸಿಗಲಿಲ್ಲ. ಮೆಕ್ಸಿಕೊದ ಪರವಾಗಿ ಒಪ್ಪಂದ ಒಡನೆಯೇ ಜಾರಿಯಾಯಿತು. ಅಪಾಚೆಗಳ ಪರವಾಗಿ ಕಾನೂನು ದೂರದ ಊರಿನಲ್ಲಿತ್ತು. ಬಾರ್ಟ್‌ಲೆಟ್ 1854ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಕಥನದಲ್ಲಿ ಈ ಎರಡೂ ಸಂಗತಿಗಳನ್ನು ತಾನೇ ದಾಖಲಿಸಿದ್ದಾನೆ.

1848ರ ರೇಖೆಯೂ ಸ್ಥಿರವಾಗಿ ಉಳಿಯಲಿಲ್ಲ. ಪಶ್ಚಿಮದಲ್ಲಿ ಹೀಲಾ ನದಿಯೇ ಆಗ ಗಡಿಯಾಗಿತ್ತು. 1853ರ ಡಿಸೆಂಬರ್ 30ರಂದು ಸಹಿಯಾಗಿ 1854ರಲ್ಲಿ ಜಾರಿಗೆ ಬಂದ ಗಾಡ್ಸ್‌ಡನ್ ಖರೀದಿಯಿಂದ ಅಮೆರಿಕವು ಒಂದು ಕೋಟಿ ಡಾಲರ್ ಕೊಟ್ಟು ಹೀಲಾ ನದಿಯ ದಕ್ಷಿಣದ ಭೂಭಾಗವನ್ನು ಪಡೆಯಿತು. ರೈಲುಮಾರ್ಗಕ್ಕೆ ಸಮತಟ್ಟಾದ ದಾರಿ ಬೇಕಾಗಿದ್ದುದು ಇದಕ್ಕೆ ಮುಖ್ಯ ಕಾರಣ. ಆದರೆ ಇದೇ ಒಪ್ಪಂದದ 2ನೆಯ ವಿಧಿಯು ಹಿಂದಿನ 11ನೆಯ ವಿಧಿಯನ್ನು ರದ್ದುಪಡಿಸಿತೆಂಬುದು ಅಷ್ಟೇ ಮುಖ್ಯ. ದಾಳಿಗಳನ್ನು ತಡೆಯಲಾಗದ ಅಮೆರಿಕ ತನ್ನ ಹೊಣೆಯಿಂದ ಬಿಡುಗಡೆ ಪಡೆಯಿತು. ಚೊಕೊನೆನ್ ಗುಂಪಿನ ನೆಲೆಯಾದ ಚಿರಿಕಾಹುವಾ ಮತ್ತು ಡ್ರಾಗೂನ್ ಬೆಟ್ಟಗಳು ಹೀಗೆ ಒಂದು ದೇಶದಿಂದ ಮತ್ತೊಂದು ದೇಶಕ್ಕೆ ಸೇರಿದವು. ಅಲ್ಲಿದ್ದ ಜನರು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ರೇಖೆಯೇ ಅವರನ್ನು ದಾಟಿಹೋಯಿತು.

ಗಡಿಯ ರಾಜಕೀಯ ಪ್ರಜ್ಞೆ

ಅಪಾಚೆಗಳು ಗಡಿಯ ಅರ್ಥವನ್ನು ಬೇಗನೆ ಗ್ರಹಿಸಿದರು. ದೇಶಗಳ ನಡುವಣ ಗಡಿಗಿಂತ ಮೊದಲೇ ಪ್ರಾಂತ್ಯಗಳ ನಡುವಣ ಗಡಿಗಳ ಅನುಭವ ಅವರಿಗಿತ್ತು. ಚಿವಾವಾದ ಹಾನೋಸ್ ಪಟ್ಟಣದೊಡನೆ ಶಾಂತಿಯಿಂದಿದ್ದು, ಸೊನೋರಾದಿಂದ ತಂದ ಜಾನುವಾರುಗಳನ್ನು ಅಲ್ಲಿ ಮಾರುವ ಪದ್ಧತಿ ಬೆಳೆದಿತ್ತು. ಈ ವ್ಯಾಪಾರದಲ್ಲಿ ಪಟ್ಟಣದ ನಿವಾಸಿಗಳಿಗೂ ಲಾಭವಿತ್ತು. 1851ರ ಮಾರ್ಚ್‌ನಲ್ಲಿ ಸೊನೋರಾದ ಸೇನಾಧಿಕಾರಿ ಹೋಸೆ ಮರಿಯಾ ಕರಾಸ್ಕೊ ಪ್ರಾಂತ್ಯದ ಗಡಿಯನ್ನು ದಾಟಿ, ಪಡಿತರಕ್ಕಾಗಿ ಹಾನೋಸ್ ಬಳಿ ತಂಗಿದ್ದ ಅಪಾಚೆಗಳ ಮೇಲೆರಗಿದನು. ಬೆದೊಂಕೊಹೆ ಗುಂಪಿನ ಗೊಯಾಕ್ಲ ಎಂಬ ಯುವಕನ ತಾಯಿ, ಹೆಂಡತಿ ಮತ್ತು ಮೂವರು ಮಕ್ಕಳು ಹತರಾದದ್ದು ಈ ದಾಳಿಯಲ್ಲಿಯೇ ಎಂದು ಬಹುತೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಮುಂದೆ ಆತನು ಜೆರೊನಿಮೊ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಿತನಾದನು. 1906ರಲ್ಲಿ ಪ್ರಕಟವಾದ ಅವನ ಆತ್ಮಕಥನದಲ್ಲಿ ಈ ಘಟನೆಯೇ ಮೆಕ್ಸಿಕನ್ನರ ಮೇಲಿನ ಜೀವನಪರ್ಯಂತದ ಹಗೆಗೆ ಕಾರಣವೆಂದು ಹೇಳಲಾಗಿದೆ.

ಅಮೆರಿಕನ್ನರೊಡನೆ ಆರಂಭದಲ್ಲಿ ಇಂಥ ಹಗೆ ಇರಲಿಲ್ಲ. 1861ರ ಫೆಬ್ರವರಿಯಲ್ಲಿ ಅಪಾಚೆ ಕಣಿವೆಯಲ್ಲಿ ಲೆಫ್ಟಿನೆಂಟ್ ಜಾರ್ಜ್ ಬಾಸ್ಕಮ್, ಬಾಲಕನೊಬ್ಬನ ಅಪಹರಣದ ಆರೋಪವನ್ನು ಚೊಕೊನೆನ್ ಮುಖಂಡ ಕೊಚೀಸ್‌ನ ಮೇಲೆ ಹೊರಿಸಿ, ಮಾತುಕತೆಗೆ ಬಂದವನನ್ನು ಸೆರೆಹಿಡಿಯಲು ಯತ್ನಿಸಿದನು. ಆ ಅಪಹರಣವನ್ನು ನಡೆಸಿದವರು ಬೇರೆ ಗುಂಪಿನವರಾಗಿದ್ದರು. ಕೊಚೀಸ್ ಡೇರೆಯನ್ನು ಸೀಳಿ ಪಾರಾದನು. ಅವನ ಬಂಧುಗಳು ಸಿಕ್ಕಿಬಿದ್ದರು. ಎರಡೂ ಕಡೆಯವರು ಒತ್ತೆಯಾಳುಗಳನ್ನು ಕೊಂದರು. ಗಲ್ಲಿಗೇರಿದವರಲ್ಲಿ ಕೊಚೀಸ್‌ನ ತಮ್ಮನೂ ಇದ್ದನು. 1863ರ ಜನವರಿಯಲ್ಲಿ ಮಾಂಗಸ್ ಕೊಲೊರಾಡಸ್ ಶಾಂತಿಯ ಮಾತುಕತೆಗೆಂದು ಬಂದು ಸೈನಿಕರ ಕಾವಲಿನಲ್ಲಿದ್ದಾಗಲೇ ಹತನಾದನು. 1871ರ ಏಪ್ರಿಲ್ 30ರಂದು ಕ್ಯಾಂಪ್ ಗ್ರ್ಯಾಂಟ್ ಬಳಿ ಸೇನೆಯ ಆಶ್ರಯದಲ್ಲಿದ್ದ ನೂರಕ್ಕೂ ಹೆಚ್ಚು ಅಪಾಚೆಗಳನ್ನು ಟೂಸಾನ್‌ನಿಂದ ಬಂದ ಗುಂಪೊಂದು ಕೊಂದಿತು. ಸತ್ತವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು. ಆ ಗುಂಪಿನಲ್ಲಿ ಅಮೆರಿಕನ್ನರು, ಮೆಕ್ಸಿಕನ್ ಮೂಲದವರು ಮತ್ತು ತೊಹೊನೊ ಒಓದಾಮ್ ಮೂಲನಿವಾಸಿಗಳು ಜೊತೆಗೂಡಿದ್ದರು. ವಿಚಾರಣೆಯಲ್ಲಿ ಆರೋಪಿಗಳೆಲ್ಲರೂ ಬಿಡುಗಡೆಯಾದರು.

1872ರ ಅಕ್ಟೋಬರ್‌ನಲ್ಲಿ ಜನರಲ್ ಆಲಿವರ್ ಹೊವಾರ್ಡ್ ಕೊಚೀಸ್‌ನ ನೆಲೆಗೇ ಹೋಗಿ ಶಾಂತಿಯನ್ನು ಸ್ಥಾಪಿಸಿದನು. ಚಿರಿಕಾಹುವಾಗಳಿಗೆ ಅವರ ಸ್ವಂತ ಬೆಟ್ಟಗಳಲ್ಲಿಯೇ ಮೀಸಲು ಪ್ರದೇಶ ದೊರೆಯಿತು. ಅದರ ದಕ್ಷಿಣದ ಎಲ್ಲೆ ಮೆಕ್ಸಿಕೊ ಗಡಿಯೇ ಆಗಿತ್ತು. ಈ ಶಾಂತಿಯನ್ನು ಕೊಚೀಸ್ ಅಮೆರಿಕನ್ನರೊಡನೆ ಮಾಡಿಕೊಂಡದ್ದೆಂದು ತಿಳಿದನೇ ಹೊರತು ಮೆಕ್ಸಿಕೊದೊಡನೆ ಅಲ್ಲ. ಮೀಸಲಿನಿಂದ ಸೊನೋರಾದ ಮೇಲೆ ದಾಳಿಗಳು ಮುಂದುವರಿದವು. ಸೊನೋರಾದ ದೂರುಗಳೂ ಮುಂದುವರಿದವು. 1874ರಲ್ಲಿ ಕೊಚೀಸ್ ತೀರಿಕೊಂಡನು. 1876ರಲ್ಲಿ ಆ ಮೀಸಲನ್ನು ಮುಚ್ಚಿ, ಅಲ್ಲಿನ ಜನರನ್ನು ಹೀಲಾ ನದಿಯ ದಂಡೆಯ ಸಾನ್ ಕಾರ್ಲೊಸ್‌ಗೆ ಸಾಗಿಸಲಾಯಿತು. ವಿವಿಧ ಅಪಾಚೆ ಗುಂಪುಗಳನ್ನೆಲ್ಲ ಒಂದೇ ಕಡೆ ಕೂಡಿಹಾಕುವ ನೀತಿಯ ಫಲವಿದು. ಬೆಟ್ಟದ ತಂಪಿನಲ್ಲಿ ಬದುಕಿದವರಿಗೆ ಬಿಸಿಲು, ಧೂಳು ಮತ್ತು ಚಳಿಜ್ವರದ ಆ ಬಯಲು ಸಹಿಸಲಾಗದ ನೆಲೆಯಾಯಿತು. ಪಡಿತರದಲ್ಲಿ ಮೋಸವೂ ಸೇರಿಕೊಂಡಿತು. 1882ರಲ್ಲಿ ಟೂಸಾನ್‌ನ ಫೆಡರಲ್ ನ್ಯಾಯಮಂಡಲಿಯೇ ಸಾನ್ ಕಾರ್ಲೊಸ್ ಏಜೆಂಟನ ಆಡಳಿತವನ್ನು ತೀವ್ರವಾಗಿ ಖಂಡಿಸಿತು. 1876ರ ನಂತರದ ಪ್ರತಿಯೊಂದು ದಂಗೆಯೂ ಸಾನ್ ಕಾರ್ಲೊಸ್ ಮೀಸಲಿನ ಆಡಳಿತದೊಡನೆ ಒಂದಿಲ್ಲೊಂದು ರೀತಿಯಲ್ಲಿ ಸಂಬಂಧ ಹೊಂದಿದೆಯೆಂಬುದು ಗಮನಿಸಬೇಕಾದ ಅಂಶ. ಗಡಿಯು ಪಲಾಯನಕ್ಕೆ ದಾರಿಯಾಯಿತೇ ಹೊರತು ಕಾರಣವಾಗಿರಲಿಲ್ಲ.

ಎರಡು ಸೇನೆಗಳ ನಡುವೆ

ಚಿಹೆನ್ನೆ ಮುಖಂಡ ವಿಕ್ಟೋರಿಯೊನ ಹೋರಾಟ ಇದನ್ನು ಪುಷ್ಟೀಕರಿಸುತ್ತದೆ. ನ್ಯೂ ಮೆಕ್ಸಿಕೊದ ಓಹೊ ಕಾಲಿಯೆಂತೆಯಲ್ಲಿ ತನ್ನ ಜನರಿಗೆ ನೆಲೆ ಬೇಕೆಂಬುದಷ್ಟೇ ಅವನ ಬೇಡಿಕೆ. 1877ರಲ್ಲಿ ಆ ನೆಲೆಯಿಂದ ಸಾನ್ ಕಾರ್ಲೊಸ್‌ಗೆ ಸಾಗಿಸಲ್ಪಟ್ಟಾಗ ಕೆಲವೇ ತಿಂಗಳುಗಳಲ್ಲಿ ಹೊರಬಿದ್ದ ಅವನು, 1879ರಲ್ಲಿ ಶಸ್ತ್ರ ಹಿಡಿದು ಎರಡೂ ದೇಶಗಳ ಸೇನೆಗಳನ್ನು ಒಂದು ವರ್ಷಕ್ಕೂ ಮಿಕ್ಕಿ ದಣಿಸಿದನು. 1880ರ ಅಕ್ಟೋಬರ್‌ನಲ್ಲಿ ಅಮೆರಿಕದ ಪಡೆಗಳು ಚಿವಾವಾದೊಳಗೆ ಬಂದು ಮೆಕ್ಸಿಕನ್ ಪಡೆಗಳೊಡನೆ ಅವನನ್ನು ಹುಡುಕುತ್ತಿದ್ದವು. ಅಂತಿಮ ಘಟ್ಟದಲ್ಲಿ ಚಿವಾವಾದ ಸೇನಾನಾಯಕ ಹೊವಾಕಿನ್ ತೆರಾಸಾಸ್ ಅಮೆರಿಕನ್ನರನ್ನು ಹಿಂದಿರುಗುವಂತೆ ಕೋರಿದನು. ಅಕ್ಟೋಬರ್ 15ರಂದು ತ್ರೆಸ್ ಕಾಸ್ತೀಯೊಸ್ ಎಂಬ ಒಂಟಿ ಗುಡ್ಡಗಳ ಬಳಿ ವಿಕ್ಟೋರಿಯೊ ಮತ್ತು ಅವನ ಸಂಗಡಿಗರಲ್ಲಿ 78 ಜನ ಹತರಾದರು. 68 ಜನ ಸೆರೆಯಾದರು. ಸೆರೆಯಾದ ಹೆಂಗಸರು, ಮಕ್ಕಳು ಮೆಕ್ಸಿಕನ್ ಮನೆಗಳಲ್ಲಿ ಆಳುಗಳಾಗಿ ಹಂಚಿಹೋದರು. ವಿಕ್ಟೋರಿಯೊನನ್ನು ಕೊಂದ ಕೀರ್ತಿಯನ್ನು ಮೆಕ್ಸಿಕೊ ಮೌರಿಸಿಯೊ ಕೊರೆದೋರ್ ಎಂಬವನಿಗೆ ಸಲ್ಲಿಸಿತು. ಆತನೂ ತಾರಾಉಮಾರಾ ಎಂಬ ಮೂಲನಿವಾಸಿ ಬುಡಕಟ್ಟಿನವನು. ಅಪಾಚೆಗಳ ಮೌಖಿಕ ಪರಂಪರೆಯಾದರೋ ವಿಕ್ಟೋರಿಯೊ ಶತ್ರುವಿನ ಕೈಗೆ ಸಿಗದೆ ತನ್ನ ಚೂರಿಯಿಂದಲೇ ಪ್ರಾಣ ಬಿಟ್ಟನೆಂದು ಹೇಳುತ್ತದೆ.

1882ರ ಏಪ್ರಿಲ್‌ನಲ್ಲಿ ಮೆಕ್ಸಿಕೊದಿಂದ ಬಂದ ಅಪಾಚೆ ಯೋಧರು ಸಾನ್ ಕಾರ್ಲೊಸ್‌ನಲ್ಲಿ ಶಾಂತಿಯಿಂದಿದ್ದ ಲೋಕೊ ಎಂಬ ಮುಖಂಡನ ಜನರನ್ನು ಬಲವಂತವಾಗಿ ತಮ್ಮೊಡನೆ ದಕ್ಷಿಣಕ್ಕೆ ಕರೆದೊಯ್ದರು. ಕರ್ನಲ್ ಜಾರ್ಜ್ ಫಾರ್ಸೈತ್ ಯಾವ ಅನುಮತಿಯೂ ಇಲ್ಲದೆ ಗಡಿಯನ್ನು ದಾಟಿ ಅವರನ್ನು ಬೆನ್ನಟ್ಟಿದನು. ಹಿಂದಿನಿಂದ ಬರುತ್ತಿದ್ದ ಅಮೆರಿಕನ್ನರ ಕಡೆಗೆ ಯೋಧರು ಗಮನವಿಟ್ಟಿದ್ದಾಗ, ಮುಂದೆ ನಡೆಯುತ್ತಿದ್ದ ಹೆಂಗಸರು, ಮಕ್ಕಳು ಅಲಿಸೋಸ್ ಹಳ್ಳದ ಬಳಿ ಅಡಗಿದ್ದ ಕರ್ನಲ್ ಲೊರೆನ್ಸೊ ಗಾರ್ಸಿಯಾನ ಮೆಕ್ಸಿಕನ್ ದಂಡಿನ ಬಾಯಿಗೆ ಸಿಕ್ಕಿದರು. ಸತ್ತವರು ಸುಮಾರು 78 ಜನ. ಈ ಕಾಳಗದಲ್ಲಿ ಬದುಕಿ ಉಳಿದ ಜೇಸನ್ ಬೆಟ್ಜಿನೆಜ್ ತನ್ನ ಇಳಿವಯಸ್ಸಿನಲ್ಲಿ ಬರೆದು 1959ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ಇದರ ವಿವರಗಳಿವೆ. ಮರುದಿನ ಗಾರ್ಸಿಯಾ ಫಾರ್ಸೈತ್‌ನನ್ನು ಎದುರುಗೊಂಡು, ಮೆಕ್ಸಿಕೊದ ನೆಲವನ್ನು ಅತಿಕ್ರಮಿಸಿದ್ದಕ್ಕಾಗಿ ಲಿಖಿತ ಪ್ರತಿಭಟನೆಯನ್ನು ಸಲ್ಲಿಸಿ ಹಿಂದಿರುಗುವಂತೆ ಸೂಚಿಸಿದನು. ಯೋಜಿಸದೆಯೇ ಎರಡು ಸೇನೆಗಳು ಸುತ್ತಿಗೆ ಮತ್ತು ಅಡಿಗಲ್ಲುಗಳಂತೆ ವರ್ತಿಸಿದ್ದವು. ಮೂರು ತಿಂಗಳೊಳಗೆ ಇದೇ ಅಧಿಕೃತ ನೀತಿಯಾಯಿತು.

1882ರ ಒಪ್ಪಂದದ ಒಳಾರ್ಥ

1877ರಲ್ಲಿ ಅಮೆರಿಕ ಸರ್ಕಾರವು ಟೆಕ್ಸಾಸ್‌ನ ಸೇನಾಧಿಪತಿ ಜನರಲ್ ಎಡ್ವರ್ಡ್ ಆರ್ಡ್‌ಗೆ ಅಗತ್ಯಬಿದ್ದರೆ ಗಡಿಯನ್ನು ದಾಟಲು ಏಕಪಕ್ಷೀಯ ಅನುಮತಿ ನೀಡಿತ್ತು. ಮೂರು ದಶಕಗಳ ಹಿಂದೆ ಅರ್ಧದಷ್ಟು ಭೂಮಿಯನ್ನು ಕಳೆದುಕೊಂಡಿದ್ದ ಮೆಕ್ಸಿಕೊಗೆ ಇದು ಮತ್ತೊಂದು ಆಕ್ರಮಣದ ಮುನ್ಸೂಚನೆಯಂತೆ ಕಂಡಿತು. ಪೊರ್ಫಿರಿಯೊ ದೀಯಸ್ ಸರ್ಕಾರದ ಪ್ರತಿಭಟನೆಯ ನಂತರ 1880ರಲ್ಲಿ ಆ ಆದೇಶ ಹಿಂದೆಗೆಯಲ್ಪಟ್ಟಿತು. ಈ ಸಂಶಯದ ಹಿನ್ನೆಲೆಯಲ್ಲಿ 1882ರ ಜುಲೈ 29ರಂದು ವಾಷಿಂಗ್ಟನ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ಫ್ರೆಡೆರಿಕ್ ಫ್ರೆಲಿಂಗ್‌ಹೈಸನ್ ಮತ್ತು ಮೆಕ್ಸಿಕೊದ ಪ್ರತಿನಿಧಿ ಮತೀಯಸ್ ರೊಮೇರೊ ಸಹಿ ಹಾಕಿದ ಪರಸ್ಪರ ಗಡಿದಾಟುವಿಕೆಯ ಒಪ್ಪಂದವನ್ನು ನೋಡಬೇಕಾಗುತ್ತದೆ. ಮೂಲನಿವಾಸಿಗಳ ತಂಡವನ್ನು ಬೆನ್ನಟ್ಟಿ ಹೋಗುವಾಗ ಎರಡೂ ದೇಶಗಳ ನಿಯತ ಫೆಡರಲ್ ಪಡೆಗಳು ಗಡಿಯನ್ನು ದಾಟಬಹುದು. ದಾಟುವಿಕೆ ಜನವಸತಿಯಿಲ್ಲದ ಅಥವಾ ಮರುಭೂಮಿಯ ಭಾಗಗಳಲ್ಲಿ ಮಾತ್ರ ನಡೆಯಬೇಕು. ಯಾವುದೇ ಊರು ಅಥವಾ ಸೇನಾ ಬೀಡಿನಿಂದ ಕನಿಷ್ಠ ಎರಡು ಲೀಗ್ ದೂರವಿರಬೇಕು. ದಾಟುವ ಅಧಿಕಾರಿ ಸಮೀಪದ ಅಧಿಕಾರಿಗಳಿಗೆ ತಿಳಿಸಬೇಕು. ಕಾಳಗ ಮುಗಿದೊಡನೆ ಅಥವಾ ಜಾಡು ತಪ್ಪಿದೊಡನೆ ಹಿಂದಿರುಗಬೇಕು ಎಂಬ ನಿಬಂಧನೆಗಳು ಅದರಲ್ಲಿದ್ದವು.

ಈ ಒಪ್ಪಂದದಲ್ಲಿ ಎರಡು ಸಂಗತಿಗಳು ವಿಶೇಷವಾಗಿ ಎದ್ದುಕಾಣುತ್ತವೆ. ಮೊದಲನೆಯದು, 'ಜನವಸತಿಯಿಲ್ಲದ ಭಾಗ' ಎಂಬ ಪರಿಭಾಷೆ. ಸೇನೆಗಳು ಅಲ್ಲಿಗೆ ಹೋಗುತ್ತಿದ್ದುದೇ ಅಲ್ಲಿ ಜನರಿದ್ದರೆಂಬ ಕಾರಣಕ್ಕೆ. ಅಪಾಚೆಗಳ ನೆಲೆಯನ್ನು ನಿರ್ಜನವೆಂದು ಕರೆದಾಗ ಮಾತ್ರ ಎರಡು ರಾಷ್ಟ್ರಗಳ ಸಾರ್ವಭೌಮತ್ವಕ್ಕೆ ಧಕ್ಕೆಯಾಗದಂತೆ ಸೇನೆಗಳು ಅಲ್ಲಿ ಓಡಾಡಬಹುದಾಗಿತ್ತು. ಎರಡನೆಯದು, ಇದೇ ದಿನ ಎರಡು ಸರ್ಕಾರಗಳು ಗಡಿಸ್ತಂಭಗಳನ್ನು ಮತ್ತೆ ಗುರುತಿಸಿ ನಿಲ್ಲಿಸುವ ಇನ್ನೊಂದು ಒಡಂಬಡಿಕೆಗೂ ಸಹಿ ಹಾಕಿದವು. ಹಳೆಯ ಸಮೀಕ್ಷೆಯ 52 ಸ್ತಂಭಗಳ ಬದಲಿಗೆ 1890ರ ದಶಕದಲ್ಲಿ 258 ಸ್ತಂಭಗಳು ನಿಂತವು. ಸೇನೆಗಳಿಗೆ ಗಡಿಯನ್ನು ತೆರೆದ ದಿನವೇ ಉಳಿದವರಿಗೆ ಅದನ್ನು ಗಟ್ಟಿಗೊಳಿಸುವ ಕಾರ್ಯವೂ ಆರಂಭವಾಯಿತು. ರೈಲುಮಾರ್ಗ 1880ರಲ್ಲಿ ಟೂಸಾನನ್ನೂ, 1882ರಲ್ಲಿ ಗಡಿಯ ನೊಗಾಲೆಸನ್ನೂ ತಲುಪಿತ್ತು; ಟೂಮ್‌ಸ್ಟೋನ್‌ನಲ್ಲಿ ಬೆಳ್ಳಿಯ ಗಣಿಗಾರಿಕೆ ಭರದಿಂದ ಸಾಗಿತ್ತು. ಎರಡು ದೇಶಗಳ ಬಂಡವಾಳ ಒಂದಾಗುತ್ತಿದ್ದ ಕಾಲದಲ್ಲಿ ಅವುಗಳ ಸೇನೆಗಳೂ ಒಂದಾದವು.

ಸಿಯೆರಾ ಮಾದ್ರೆಯ ಕಾರ್ಯಾಚರಣೆಗಳು

ಈ ಒಪ್ಪಂದದ ಆಧಾರದ ಮೇಲೆ 1883ರ ಮೇ 1ರಂದು ಜನರಲ್ ಜಾರ್ಜ್ ಕ್ರೂಕ್ ಗಡಿಯನ್ನು ದಾಟಿದನು. ಅವನ ದಂಡಿನ ರಚನೆಯೇ ಅಧ್ಯಯನಯೋಗ್ಯ: ಅಪಾಚೆ ಸ್ಕೌಟ್‌ಗಳು 193, ಬಿಳಿಯ ಅಶ್ವಾರೋಹಿಗಳು ಐವತ್ತಕ್ಕೂ ಕಡಿಮೆ. ಅಪಾಚೆಗಳನ್ನು ಅಪಾಚೆಗಳಿಂದಲೇ ಹಿಡಿಯಬಹುದೆಂಬುದು ಕ್ರೂಕ್‌ನ ನಂಬಿಕೆ. ಯಾರೂ ತಲುಪಲಾರರೆಂದು ತಿಳಿದಿದ್ದ ಬೆಟ್ಟದ ನೆಲೆಯಲ್ಲಿ ತಮ್ಮವರನ್ನೇ ಎದುರಿಗೆ ಕಂಡ ಚಿರಿಕಾಹುವಾಗಳು ಮಾತುಕತೆಗೆ ಬಂದರು. 300ಕ್ಕೂ ಹೆಚ್ಚು ಜನ ಮೀಸಲಿಗೆ ಹಿಂದಿರುಗಿದರು. ಸ್ಕೌಟ್‌ಗಳು ಸೇನೆ ಸೇರಿದ್ದಕ್ಕೆ ಒಂದೇ ಕಾರಣವಿರಲಿಲ್ಲ. ಸಂಬಳ ಮತ್ತು ಬಂದೂಕಿನ ಆಕರ್ಷಣೆ, ಮೀಸಲಿನ ಬೇಸರದಿಂದ ಬಿಡುಗಡೆ, ಗುಂಪುಗಳ ನಡುವಣ ಹಳೆಯ ವೈಮನಸ್ಯ, ದಂಗೆ ಮುಂದುವರಿದರೆ ಎಲ್ಲರಿಗೂ ಶಿಕ್ಷೆಯಾದೀತೆಂಬ ಭಯ ಇವೆಲ್ಲ ಸೇರಿದ್ದವು. ಈ ಕೊನೆಯ ಭಯ ನಿರಾಧಾರವಾಗಿರಲಿಲ್ಲ.

1885ರ ಮೇ 17ರಂದು ಜೆರೊನಿಮೊ, ಕೊಚೀಸ್‌ನ ಮಗ ನೈಚೆ, ವೃದ್ಧ ನಾನಾ ಮೊದಲಾದವರು ಸುಮಾರು 140 ಜನರೊಡನೆ ಮೀಸಲನ್ನು ತೊರೆದರು. ಅವರಲ್ಲಿ ಹೋರಾಡಬಲ್ಲ ಗಂಡಸರು ನಲವತ್ತರ ಆಸುಪಾಸಿನಲ್ಲಿದ್ದರು. ಮನೆಯಲ್ಲಿ ಕಾಳಿನ ಮದ್ಯ ತಯಾರಿಸುವುದರ ಮೇಲಿನ ನಿಷೇಧ, ಹೆಂಡತಿಯರ ಮೇಲೆ ಗಂಡಂದಿರಿಗಿದ್ದ ದಂಡನಾಧಿಕಾರದ ಮೇಲಿನ ನಿಷೇಧ, ಬಂಧನದ ವದಂತಿಗಳು ತಕ್ಷಣದ ಕಾರಣಗಳಾಗಿದ್ದವು. ಮೀಸಲಿನ ಚಿರಿಕಾಹುವಾಗಳಲ್ಲಿ ಬಹುಸಂಖ್ಯಾತರು ಅವರೊಡನೆ ಹೋಗಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

ಎರಡು ರಾಷ್ಟ್ರಗಳ ಸಹಕಾರ ಎಷ್ಟು ದುರ್ಬಲವಾಗಿತ್ತೆಂಬುದು 1886ರ ಜನವರಿ 11ರಂದು ಪ್ರಕಟವಾಯಿತು. ಸೊನೋರಾದಲ್ಲಿ ಜೆರೊನಿಮೊನ ಬೀಡನ್ನು ವಶಪಡಿಸಿಕೊಂಡಿದ್ದ ಕ್ಯಾಪ್ಟನ್ ಎಮೆಟ್ ಕ್ರಾಫರ್ಡ್‌ನ ಅಪಾಚೆ ಸ್ಕೌಟ್‌ಗಳ ಮೇಲೆ ಚಿವಾವಾದಿಂದ ಬಂದ ಮೆಕ್ಸಿಕನ್ ಸ್ವಯಂಸೇವಕ ಪಡೆಯೊಂದು ಗುಂಡು ಹಾರಿಸಿತು. ಬಂಡೆಯೇರಿ ತಮ್ಮ ಗುರುತು ಹೇಳಲು ಯತ್ನಿಸಿದ ಕ್ರಾಫರ್ಡ್ ತಲೆಗೆ ಗುಂಡು ತಗುಲಿ ಕೆಲವು ದಿನಗಳ ನಂತರ ಅಸುನೀಗಿದನು. ಆ ಮೆಕ್ಸಿಕನ್ ಪಡೆಯಲ್ಲಿದ್ದ ಮೌರಿಸಿಯೊ ಕೊರೆದೋರ್ ಕೂಡ ಹತನಾದನು. ಎದುರಿನ ಬೆಟ್ಟದಿಂದ ಜೆರೊನಿಮೊನ ಜನರು ಇದನ್ನು ನೋಡುತ್ತಿದ್ದರು. ಒಂದು ಸರ್ಕಾರದ ಪರವಾಗಿ ತಾರಾಉಮಾರಾಗಳು, ಇನ್ನೊಂದು ಸರ್ಕಾರದ ಪರವಾಗಿ ಅಪಾಚೆಗಳು ಪರಸ್ಪರ ಗುಂಡು ಹಾರಿಸಿಕೊಂಡ ಈ ಘಟನೆಯು ಗಡಿಯುದ್ಧದ ಸ್ವರೂಪವನ್ನು ತಿಳಿಸುತ್ತದೆ.

ಮಾರ್ಚ್ ಕೊನೆಯಲ್ಲಿ ಸೊನೋರಾದ ಎಂಬುದೋಸ್ ಕಮರಿಯಲ್ಲಿ ಜೆರೊನಿಮೊ ಕ್ರೂಕ್‌ನನ್ನು ಭೇಟಿಯಾಗಿ ಶರಣಾಗಲು ಒಪ್ಪಿದನು. ಎರಡು ವರ್ಷಗಳ ಸೆರೆಯ ನಂತರ ಅರಿಜೋನಾಕ್ಕೆ ಹಿಂದಿರುಗಬಹುದೆಂಬುದು ಕ್ರೂಕ್ ನೀಡಿದ ಭರವಸೆ. ಛಾಯಾಗ್ರಾಹಕ ಸಿ. ಎಸ್. ಫ್ಲೈ ಅಲ್ಲಿ ತೆಗೆದ ಚಿತ್ರಗಳು ಇಂದಿಗೂ ಉಳಿದಿವೆ. ಶರಣಾಗತರಾಗುವ ಮೊದಲು, ತಮ್ಮ ನೆಲೆಯಲ್ಲಿ, ಶಸ್ತ್ರಸಹಿತರಾಗಿದ್ದ ಅಪಾಚೆಗಳನ್ನು ತೋರಿಸುವುದರಿಂದ ಅವು ಅಪೂರ್ವ ದಾಖಲೆಗಳಾಗಿವೆ. ಆದರೆ ಸಾರಾಯಿ ವ್ಯಾಪಾರಿಯೊಬ್ಬನ ಮಾತು ಕೇಳಿ ಹೆದರಿದ ಜೆರೊನಿಮೊ ಮತ್ತು ನೈಚೆ ಕೆಲವರೊಡನೆ ಮತ್ತೆ ಬೆಟ್ಟಕ್ಕೆ ಓಡಿದರು. ವಾಷಿಂಗ್ಟನ್ ಕ್ರೂಕ್‌ನ ಷರತ್ತುಗಳನ್ನು ತಿರಸ್ಕರಿಸಿತು. ಅವನ ಸ್ಥಾನಕ್ಕೆ ನೆಲ್ಸನ್ ಮೈಲ್ಸ್ ಬಂದನು.

ನಲವತ್ತಕ್ಕೂ ಕಡಿಮೆ ಜನರಿದ್ದ ಈ ತಂಡದ ವಿರುದ್ಧ ಅಮೆರಿಕ ಸುಮಾರು 5,000 ಸೈನಿಕರನ್ನು, ಅಂದರೆ ತನ್ನ ಅಂದಿನ ಸೇನೆಯ ಸರಿಸುಮಾರು ಕಾಲುಭಾಗವನ್ನು ನಿಯೋಜಿಸಿತು. ಕನ್ನಡಿಯಿಂದ ಸೂರ್ಯನ ಬೆಳಕನ್ನು ಪ್ರತಿಫಲಿಸಿ ಸಂದೇಶ ಕಳುಹಿಸುವ ಠಾಣೆಗಳು ಬೆಟ್ಟದ ತುದಿಗಳಲ್ಲಿ ತಲೆಯೆತ್ತಿದವು. ಇಷ್ಟಾಗಿಯೂ ಅವರನ್ನು ಶರಣಾಗತಿಗೆ ಒಪ್ಪಿಸಿದ್ದು ಲೆಫ್ಟಿನೆಂಟ್ ಚಾರ್ಲ್ಸ್ ಗೇಟ್‌ವುಡ್ ಮತ್ತು ಅವನೊಡನಿದ್ದ ಕಾಯಿತಾ, ಮಾರ್ಟೀನ್ ಎಂಬ ಇಬ್ಬರು ಚಿರಿಕಾಹುವಾ ಸ್ಕೌಟ್‌ಗಳು. ಮೀಸಲಿನಲ್ಲಿರುವ ನಿಮ್ಮ ಬಂಧುಗಳೆಲ್ಲರನ್ನೂ ಫ್ಲಾರಿಡಾಕ್ಕೆ ಸಾಗಿಸಲಾಗುತ್ತಿದೆ ಎಂಬ ಗೇಟ್‌ವುಡ್‌ನ ಮಾತು ಯೋಧರ ಮನಸ್ಸನ್ನು ಮುರಿಯಿತು. 1886ರ ಸೆಪ್ಟೆಂಬರ್ 4ರಂದು ಸ್ಕೆಲಿಟನ್ ಕಮರಿಯಲ್ಲಿ ಅವರು ಮೈಲ್ಸ್‌ಗೆ ಶರಣಾದರು.

ಗಡಿಪಾರು

ಶರಣಾಗತಿಯ ನಂತರದ ಘಟನೆಗಳು ಈ ಇತಿಹಾಸದ ಅತ್ಯಂತ ಕಠೋರ ಅಧ್ಯಾಯ. ಹೋರಾಡಿದವರನ್ನಷ್ಟೇ ಅಲ್ಲದೆ, ಮೀಸಲಿನಲ್ಲಿ ಶಾಂತಿಯಿಂದ ಬೇಸಾಯ ಮಾಡಿಕೊಂಡಿದ್ದ ಸುಮಾರು 380 ಚಿರಿಕಾಹುವಾಗಳನ್ನೂ ರೈಲಿನಲ್ಲಿ ಫ್ಲಾರಿಡಾದ ಕೋಟೆಗೆ ಸಾಗಿಸಲಾಯಿತು. ಸರ್ಕಾರಕ್ಕಾಗಿ ಸೇವೆ ಸಲ್ಲಿಸಿದ ಸ್ಕೌಟ್‌ಗಳೂ ಅವರಲ್ಲಿದ್ದರು. ಶರಣಾಗತಿಯನ್ನು ಸಾಧ್ಯಗೊಳಿಸಿದ ಕಾಯಿತಾ ಮತ್ತು ಮಾರ್ಟೀನ್ ಕೂಡ ಯುದ್ಧಕೈದಿಗಳಾದರು. ನಿಯೋಗದೊಡನೆ ವಾಷಿಂಗ್ಟನ್‌ಗೆ ಹೋಗಿ ಪದಕ ಪಡೆದಿದ್ದ ಸ್ಕೌಟ್ ಚಾಟೊ ಹಿಂದಿರುಗುವ ದಾರಿಯಲ್ಲಿಯೇ ಬಂಧಿತನಾದನು. ನೂರಕ್ಕೂ ಹೆಚ್ಚು ಮಕ್ಕಳು ಪೆನ್ಸಿಲ್ವೇನಿಯಾದ ಕಾರ್ಲೈಲ್ ವಸತಿಶಾಲೆಗೆ ಕಳುಹಿಸಲ್ಪಟ್ಟರು. ಕ್ಷಯರೋಗ ಅವರಲ್ಲಿ ಅನೇಕರನ್ನು ಬಲಿ ತೆಗೆದುಕೊಂಡಿತು. ಫ್ಲಾರಿಡಾದಿಂದ ಅಲಬಾಮಾಕ್ಕೆ, 1894ರಲ್ಲಿ ಒಕ್ಲಹೋಮಾದ ಫೋರ್ಟ್ ಸಿಲ್‌ಗೆ ಸಾಗಿದ ಇವರ ಸೆರೆವಾಸ 1913ರವರೆಗೆ, 27 ವರ್ಷ ನಡೆಯಿತು. ಆ ಸೆರೆಯಲ್ಲಿ ಹುಟ್ಟಿದ ಮಕ್ಕಳೂ ಯುದ್ಧಕೈದಿಗಳೇ. ಜೆರೊನಿಮೊ 1909ರ ಫೆಬ್ರವರಿ 17ರಂದು ಅಲ್ಲಿಯೇ ತೀರಿಕೊಂಡನು. ಅರಿಜೋನಾಕ್ಕೆ ಮರಳುವ ಅವನ ಕೋರಿಕೆ ಈಡೇರಲಿಲ್ಲ. 1913ರಲ್ಲಿ ಬಿಡುಗಡೆಯಾದವರಲ್ಲಿ ಬಹುಪಾಲು ಜನ ನ್ಯೂ ಮೆಕ್ಸಿಕೊದ ಮೆಸ್ಕಲೆರೊ ಮೀಸಲಿಗೆ ಹೋದರು. ಉಳಿದವರು ಒಕ್ಲಹೋಮಾದಲ್ಲಿಯೇ ನೆಲೆನಿಂತರು.

ಇದೇ ಗಡಿಯನ್ನು ವಿರುದ್ಧ ದಿಕ್ಕಿನಿಂದ ದಾಟಿದವರು ಯಾಕಿ ಜನರು. ಸೊನೋರಾದ ಯಾಕಿ ನದಿಯ ಫಲವತ್ತಾದ ಕಣಿವೆಯನ್ನು ವಶಪಡಿಸಿಕೊಳ್ಳಲು ಮೆಕ್ಸಿಕೊ ಸರ್ಕಾರ ನಡೆಸಿದ ಯುದ್ಧದಲ್ಲಿ ಮುಖಂಡ ಕಾಹೆಮೆ 1887ರಲ್ಲಿ ಹತನಾದನು. 20ನೆಯ ಶತಮಾನದ ಆರಂಭದಲ್ಲಿ ಸಾವಿರಾರು ಯಾಕಿಗಳನ್ನು ದೂರದ ಯುಕತಾನಿನ ಕತ್ತಾಳೆ ತೋಟಗಳಿಗೆ ಗಡಿಪಾರು ಮಾಡಲಾಯಿತು. ತಪ್ಪಿಸಿಕೊಂಡವರು ಅರಿಜೋನಾದ ರೈಲುಮಾರ್ಗ ಮತ್ತು ತೋಟಗಳಲ್ಲಿ ದುಡಿದು, ಗಳಿಸಿದ ಹಣದಿಂದ ಬಂದೂಕು ಕೊಂಡು ಊರಿಗೆ ಸಾಗಿಸಿದರು. 1918ರ ಜನವರಿ 9ರಂದು ಅರಿಜೋನಾದ ಬೇರ್ ಕಣಿವೆಯಲ್ಲಿ ಅಮೆರಿಕದ 10ನೆಯ ಅಶ್ವದಳವು ಇಂಥ ಒಂದು ಯಾಕಿ ತಂಡದೊಡನೆ ಕಾದಾಡಿತು. ಅಪಾಚೆ ಮತ್ತು ಯಾಕಿ ಪ್ರಸಂಗಗಳನ್ನು ಒಟ್ಟಿಗೆ ನೋಡಿದಾಗ, ಒಂದು ಸರ್ಕಾರದ ಬಂಡಾಯಗಾರ ಮತ್ತೊಂದು ಸರ್ಕಾರಕ್ಕೆ ಕೂಲಿಯಾಳೋ ಅಪರಾಧಿಯೋ ಆಗುತ್ತಿದ್ದನೇ ಹೊರತು ಆಶ್ರಿತನಾಗುತ್ತಿರಲಿಲ್ಲವೆಂಬುದು ವ್ಯಕ್ತವಾಗುತ್ತದೆ. ಅರಿಜೋನಾದ ಯಾಕಿಗಳಿಗೆ ಅಮೆರಿಕದ ಅಧಿಕೃತ ಮನ್ನಣೆ ದೊರೆತದ್ದು 1978ರಲ್ಲಿ. ಯಾಕಿಗಳ ಮೇಲಿನ ದೌರ್ಜನ್ಯಕ್ಕಾಗಿ ಮೆಕ್ಸಿಕೊದ ಅಧ್ಯಕ್ಷರು ಕ್ಷಮೆ ಕೋರಿದ್ದು 2021ರಲ್ಲಿ.

ಸಮಾರೋಪ

ಈ ಇತಿಹಾಸದ ಆಕರಗಳಲ್ಲಿ ಹೆಚ್ಚಿನವು ಸೇನಾಧಿಕಾರಿಗಳ ವರದಿಗಳು ಮತ್ತು ನೆನಪುಗಳು. ಜೆರೊನಿಮೊನ ಆತ್ಮಕಥನವೂ ಯುದ್ಧಕೈದಿಯೊಬ್ಬನ ಹೇಳಿಕೆಯಾಗಿ, ಅನುವಾದಕನ ಮೂಲಕ, ಅಧಿಕಾರಿಗಳ ಪರಿಶೀಲನೆಗೆ ಒಳಗಾಗಿ ಬಂದದ್ದು. ಈವ್ ಬಾಲ್ 20ನೆಯ ಶತಮಾನದ ಮಧ್ಯದಲ್ಲಿ ಮೆಸ್ಕಲೆರೊದ ಹಿರಿಯರಿಂದ ಸಂಗ್ರಹಿಸಿದ ಮೌಖಿಕ ನಿರೂಪಣೆಗಳು ಈ ಏಕಮುಖತೆಯನ್ನು ಸ್ವಲ್ಪಮಟ್ಟಿಗೆ ಸರಿಪಡಿಸಿವೆ. ಎರಡೂ ಬಗೆಯ ಆಕರಗಳನ್ನು ಎದುರುಬದುರಾಗಿ ಇಟ್ಟು ನೋಡಿದಾಗ ಕೆಲವು ನಿರ್ಣಯಗಳಿಗೆ ಬರಬಹುದಾಗಿದೆ. ಅಪಾಚೆ ಪ್ರತಿರೋಧವು ದೇಶದ ಗಡಿಯಿಂದ ಹುಟ್ಟಿದ್ದಲ್ಲ. ನೆಲೆ ತಪ್ಪಿಸಿದ ಮೀಸಲು ನೀತಿ ಮತ್ತು ಮುರಿದ ಮಾತುಗಳಿಂದ ಹುಟ್ಟಿದ್ದು. ಗಡಿಯು ಅವರಿಗೆ ಆಶ್ರಯವಾಗಿದ್ದುದು ಎರಡು ಸರ್ಕಾರಗಳು ಪರಸ್ಪರ ಅಪನಂಬಿಕೆಯಿಂದಿದ್ದ ಕಾಲದಲ್ಲಿ ಮಾತ್ರ. 1882ರ ಒಪ್ಪಂದದ ನಂತರ ನಾಲ್ಕೇ ವರ್ಷಗಳಲ್ಲಿ ಆ ಆಶ್ರಯ ಇಲ್ಲವಾಯಿತು. 1848, 1853 ಮತ್ತು 1882ರ ಮೂರು ಒಪ್ಪಂದಗಳಲ್ಲಿಯೂ ಅಪಾಚೆಗಳು ವಿಷಯವಾಗಿದ್ದರೇ ಹೊರತು ಪಕ್ಷಕಾರರಾಗಿರಲಿಲ್ಲ. ಅವರೊಡನೆ ನೇರವಾಗಿ ಕುಳಿತು ಮಾತನಾಡಿದ 1872ರ ಒಪ್ಪಂದವೊಂದೇ ಕೊಚೀಸ್ ಬದುಕಿರುವವರೆಗೂ ಅಮೆರಿಕದ ಮಟ್ಟಿಗೆ ಉಳಿದುಬಂದಿತು. ಅದನ್ನು ಮುರಿದವರು ಕೊಚೀಸ್‌ನ ಜನರೆಲ್ಲರೂ ಅಲ್ಲ. ಅದಕ್ಕೆ ಆಧಾರವಾಗಿದ್ದ ನೆಲೆಯನ್ನೇ ಸರ್ಕಾರ ಕಿತ್ತುಕೊಂಡಿತು. ಗಡಿಗಳ ಇತಿಹಾಸವನ್ನು ಬರೆಯುವವರು ಒಪ್ಪಂದಪತ್ರದಲ್ಲಿ ಸಹಿ ಹಾಕಿದವರ ಜೊತೆಗೆ, ಆ ಪತ್ರವು ಯಾರ ನೆಲೆಯನ್ನು ನಿರ್ಜನವೆಂದು ಕರೆದಿದೆಯೋ ಅವರನ್ನೂ ಗಣನೆಗೆ ತೆಗೆದುಕೊಳ್ಳಬೇಕಾದ ಅಗತ್ಯವನ್ನು ಈ ನಿದರ್ಶನ ಎತ್ತಿ ತೋರಿಸುತ್ತದೆ.